ಬರುವವರಿಗೆ ಬಿಟ್ಟ ಜಾಗ

“ತೀರಿಹೋದ ಮಡದಿಯ ನೆನಪಿನಲ್ಲಿ, ಕಣ್ಣು ಮುಚ್ಚಿ, ಕಣ್ಣೀರು ಸುರಿಸುತ್ತ, ಎಪ್ಪತ್ತೆರಡರ ಈ ಹಿರಿಯ ಗಾಯಕರು ಎಂಟು ಪ್ರೇಮಗೀತೆಗಳನ್ನು ಒಂದೇ ದಿನ, ಒಂದೇ ಟೇಕಿನಲ್ಲಿ ಹಾಡಿ ಮುಗಿಸಿದರು.”

ವಿಜಯನಗರದ ಸಭಾಂಗಣವೊಂದರಲ್ಲಿ ನಡೆದ ಶ್ರದ್ಧಾಂಜಲಿ ಕಾರ್ಯಕ್ರಮದಲ್ಲಿ ನಿರೂಪಕರು ಹೀಗೆಂದಾಗ, ಮುಂದಿನ ಸಾಲಿನಲ್ಲಿ ನನ್ನ ಪಕ್ಕ ಕುಳಿತಿದ್ದ ಅಕ್ಕ ನನ್ನ ಮೊಣಕೈ ತಟ್ಟಿ ಮೆಲ್ಲಗೆ ಕೇಳಿದಳು: “ನಾನು ಯಾವಾಗ ಸತ್ತೆ ಕಣೋ?”

ಆ ಹಿರಿಯ ಗಾಯಕರು ಅಕ್ಕನ ಗಂಡ, ನನ್ನ ಭಾವ. ಶ್ರದ್ಧಾಂಜಲಿ ಅವರಿಗೇ. ನಾನು ಎದ್ದು ನಿಂತು ತಿದ್ದುವವನಿದ್ದೆ. ಅಕ್ಕ ಅಂಗಿಯ ತುದಿ ಹಿಡಿದು ಕೂರಿಸಿದಳು. “ಅಷ್ಟು ಚೆನ್ನಾಗಿ ಹೇಳ್ತಿದಾರೆ ಪಾಪ, ಬಿಡು” ಎಂದಳು. ಬಿಟ್ಟದ್ದರ ಫಲವೇನೆಂದರೆ, ಆ ಮಾತು ಈಗ ಆಲ್ಬಮ್ಮಿನ ಪರಿಚಯದಲ್ಲಿ ಸೇರಿಕೊಂಡಿದೆ, ಹಂಚಿಕೊಂಡವರ ಮೊಬೈಲುಗಳಲ್ಲಿ ಸುತ್ತುತ್ತಿದೆ, ಮೊನ್ನೆ ಹಾಲಿನ ಬೂತಿನ ಬಳಿ ಒಬ್ಬರು ಅದನ್ನು ನನಗೇ ಹೇಳಿ ಕಣ್ಣೊರೆಸಿಕೊಂಡರು. ಏಳನೇ ತರಗತಿಗೆ ಶಾಲೆ ಬಿಟ್ಟು, ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರದ ಮುಂದೆ ಆಯುಷ್ಯ ಕಳೆದವನು ನಾನು. ಓದಿದ್ದೆಲ್ಲ ವಾಚನಾಲಯದ ಬೆಂಚಿನ ಮೇಲೆ. ಅಳತೆಗೆ ಸಿಗದ ಮಾತನ್ನು ಎಷ್ಟು ಜನ ಹೇಳಿದರೂ ಒಪ್ಪುವ ಅಭ್ಯಾಸ ನನಗಿಲ್ಲ. ಆದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಭಾವನ ಎಡ ಭುಜ ಬಲ ಭುಜಕ್ಕಿಂತ ಎರಡು ಬೆರಳಷ್ಟು ಮೇಲಿತ್ತು. ಹುಟ್ಟಿನಿಂದ ಬಂದದ್ದಲ್ಲ, ಕೆಲಸದಿಂದ ಬಂದದ್ದು. ಸ್ಟುಡಿಯೊದಲ್ಲಿ ಹಾಡುವಾಗ ಹೆಡ್‌ಫೋನಿನ ಒಂದು ಬಟ್ಟಲನ್ನು ಬಲಗಿವಿಗೆ ಇಟ್ಟುಕೊಂಡು, ತಮ್ಮ ದನಿ ತಮಗೆ ಕೇಳಲೆಂದು ಇನ್ನೊಂದನ್ನು ಎಡಗಿವಿಯ ಹಿಂದಕ್ಕೆ ಸರಿಸಿ, ಅದು ಜಾರದಂತೆ ಭುಜ ಎತ್ತಿ ಒತ್ತಿ ಹಿಡಿಯುತ್ತಿದ್ದರು. ಒಂದು ಕೈಯಲ್ಲಿ ಹಾಡಿನ ಹಾಳೆ, ಇನ್ನೊಂದು ಕೈಯಲ್ಲಿ ತಾಳ. ಹಾಗಾಗಿ ಆ ಕೆಲಸ ಭುಜದ ಪಾಲಿಗೆ ಬಂದಿತ್ತು. ನಲವತ್ತು ವರ್ಷ ಹಾಗೆ ನಿಂತು ಭುಜ ಅಲ್ಲೇ ಉಳಿದುಬಿಟ್ಟಿತು. ಊಟಕ್ಕೆ ಕುಳಿತರೂ, ಮದುವೆಯ ಫೋಟೊಗೆ ನಿಂತರೂ, ಯಾರೋ ಕಾಣದವರು ಆ ಕಡೆಯಿಂದ ಅವರನ್ನು ಎಳೆದು ಹಿಡಿದಂತೆ ಕಾಣುತ್ತಿತ್ತು. ಟೈಲರು ಅವರ ಅಂಗಿಯ ಎಡಭಾಗಕ್ಕೆ ಒಂದಿಷ್ಟು ಬಟ್ಟೆ ಹೆಚ್ಚು ಬಿಡುತ್ತಿದ್ದ.

ಇನ್ನು ಕಣ್ಣು ಮುಚ್ಚುವ ಮಾತು. ಭಾವ ಹಾಡುವಾಗ ಕಣ್ಣು ಮುಚ್ಚಿದ್ದನ್ನು ನಾನು ಕಂಡಿಲ್ಲ. ಮುಚ್ಚಿದರೆ ಹಾಳೆ ಕಾಣುವುದಿಲ್ಲ, ಗಾಜಿನಾಚೆ ಕೈಯೆತ್ತಿ ಸನ್ನೆ ಮಾಡುವವರು ಕಾಣುವುದಿಲ್ಲ. ಅವರ ಕೆಲಸದಲ್ಲಿ ಕಣ್ಣು ಮುಚ್ಚಲು ಅನುಮತಿಯಿರಲಿಲ್ಲ.

ಅವರು ಟ್ರ್ಯಾಕ್ ಹಾಡುವವರು. ಹಾಗೆಂದರೇನೆಂದು ಹೇಳದೆ ಮುಂದೆ ಹೋಗುವಂತಿಲ್ಲ. ಸಿನಿಮಾ ಹಾಡು ತಯಾರಾಗುವಾಗ ಅದನ್ನು ಹಾಡಬೇಕಾದ ಖ್ಯಾತ ಗಾಯಕರು ಎಲ್ಲೋ ಬೇರೆ ಊರಿನಲ್ಲಿರುತ್ತಾರೆ. ಅವರು ಬರುವಷ್ಟರಲ್ಲಿ ಧಾಟಿ, ಮಾತು, ಉಸಿರು ತೆಗೆದುಕೊಳ್ಳುವ ಜಾಗ ಎಲ್ಲವನ್ನೂ ಒಬ್ಬರು ಹಾಡಿ ಇಟ್ಟಿರಬೇಕು. ಖ್ಯಾತರು ಬಂದು, ಅದನ್ನು ಕಿವಿಗೆ ಹಾಕಿಕೊಂಡು ಕಲಿತು, ತಮ್ಮ ದನಿಯಲ್ಲಿ ಹಾಡುತ್ತಾರೆ. ಮೊದಲು ಹಾಡಿದವರ ದನಿಯನ್ನು ಆಮೇಲೆ ಅಳಿಸುತ್ತಾರೆ. ಆ ಮೊದಲ ಹಾಡಿಗೆ ಟ್ರ್ಯಾಕ್ ಎಂದು ಹೆಸರು. ಅದರ ಮುಖ್ಯ ನಿಯಮ, ಹಾಡುವವರು ಫೀಲ್ ಹಾಕಬಾರದು. ಸ್ವರ, ತಾಳ, ಉಚ್ಚಾರ ಮೂರೂ ನೂಲು ಹಿಡಿದ ಹಾಗಿರಬೇಕು, ಅದಕ್ಕಿಂತ ಹೆಚ್ಚಿನದೇನೂ ಇರಕೂಡದು. ಹಾಕಿದರೆ ಕಲಿಯುವವರಿಗೆ ತೊಂದರೆ.

“ಅದು ಬರೋರಿಗೆ ಬಿಟ್ಟ ಜಾಗ ಕಣೋ, ಅಲ್ಲಿ ನಾವು ಕೂತ್ಕೋಬಾರದು” ಎಂದು ಭಾವ ನನಗೆ ಹೇಳಿದ್ದರು.

ಹಾಡಿನ ಹಾಳೆಯ ಮೇಲ್ಭಾಗದಲ್ಲಿ ಅವರೇ ದುಂಡಗಿನ ಅಕ್ಷರದಲ್ಲಿ ‘ಗಾಯಕರು’ ಎಂದು ಬರೆದು, ಎರಡು ಚುಕ್ಕಿ ಇಟ್ಟು, ಮುಂದೆ ಒಂದು ಗೆರೆ ಎಳೆದು ಖಾಲಿ ಬಿಡುತ್ತಿದ್ದರು. ಬರುವವರ ಹೆಸರಿಗೆ.

“ಇನ್ನೊಬ್ಬರ ಹೆಸರಿಗೆ ನೀವ್ಯಾಕೆ ಭಾವ ಗೆರೆ ಎಳೀಬೇಕು?” ಎಂದು ನಾನು ಕೆಣಕಿದ್ದುಂಟು.

“ಟೈಲರಿಗೆ ಅಳತೆ ಅಂಗಿ ಕೊಡ್ತೀವಲ್ಲ, ನಾನು ಆ ಅಂಗಿ. ಅದನ್ನ ಯಾರಾದ್ರೂ ಹಬ್ಬಕ್ಕೆ ಹಾಕ್ತಾರೇನೋ ಭಾಮೈದ?” ಎಂದು ನಕ್ಕಿದ್ದರು.

ಹಗಲು ಟ್ರ್ಯಾಕ್, ಸಂಜೆ ಆರ್ಕೆಸ್ಟ್ರಾ. ಗಣೇಶೋತ್ಸವದ ಪೆಂಡಾಲು, ರಾಜ್ಯೋತ್ಸವದ ವೇದಿಕೆ, ಬಸವೇಶ್ವರನಗರದ ಛತ್ರಗಳ ಆರತಕ್ಷತೆ. ಹೊಳೆಯುವ ಕೋಟು ತೊಟ್ಟು, ಮೈಕಿನ ವೈರನ್ನು ಬೆರಳಿಗೆ ಸುತ್ತಿಕೊಂಡು, ಆ ಖ್ಯಾತರ ಪ್ರೇಮಗೀತೆಗಳನ್ನು ಆ ಖ್ಯಾತರ ದನಿಯಲ್ಲೇ ಹಾಡಬೇಕು. ಜನ ಕೇಳಲು ಬರುತ್ತಿದ್ದದ್ದು ಅದನ್ನೇ. ಅವರು ಎಲ್ಲಿ ಉಸಿರು ತೆಗೆದರೋ ಇವರೂ ಅಲ್ಲೇ ತೆಗೆಯಬೇಕು.

ಒಮ್ಮೆ ಹೀಗಾಯಿತು. ಒಂದು ಹಾಡಿನ ಟ್ರ್ಯಾಕ್ ಕೊಡುವಾಗ ಸಾಲಿನ ಕೊನೆಯಲ್ಲಿ ಭಾವನಿಗೆ ಕೆಮ್ಮು ಒತ್ತಿಬಂದು, ತಡೆಯಲೆಂದು ದನಿಯನ್ನು ಸಟಕ್ಕನೆ ಕೆಳಗಿಳಿಸಿದರಂತೆ. ಬಂದ ಗಾಯಕರಿಗೆ ಅದು ಹಿಡಿಸಿ, ಹಾಗೆಯೇ ಹಾಡಿದರು. ಆ ಇಳಿದ ದನಿಗಾಗಿಯೇ ಹಾಡು ಮನೆಮಾತಾಯಿತು. ಆ ವರ್ಷದ ಗಣೇಶೋತ್ಸವದಲ್ಲಿ ರಾಜಾಜಿನಗರದ ವೇದಿಕೆಯ ಮೇಲೆ ಭಾವ ಅದನ್ನು ಹಾಡಿ ಇಳಿದಾಗ, ಒಬ್ಬ ಅಭಿಮಾನಿ ಕೈ ಕುಲುಕಿ ಹೇಳಿದ: “ಆ ಜಾಗದಲ್ಲಿ ಅವರು ಮಾಡಿದ ಹಂಗೇ ಇಳಿಸಿದ್ರಿ ಸಾರ್. ಸೂಪರ್ ಕಾಪಿ.”

ಭಾವ ಕೈಮುಗಿದು “ಥ್ಯಾಂಕ್ಸ್ ಸಾರ್” ಎಂದರು.

ನನಗೆ ಮೈ ಉರಿಯಿತು. “ಅದು ನಿಮ್ಮದೇ ಅಂತ ಯಾಕೆ ಹೇಳಲಿಲ್ಲ?” ಎಂದೆ.

“ಹೇಳಿದ್ರೆ ನಂಬ್ತಾರಾ? ನಂಬಿದ್ರೂ ತೋರಿಸೋಕೆ ಏನಿದೆ? ಆ ಟೇಪಿನ ಮೇಲೇ ಅವರು ಹಾಡಿದಾರಲ್ಲ.”

ನಿಜಕ್ಕೂ ತೋರಿಸಲು ಏನೂ ಇಲ್ಲ. ಆದ್ದರಿಂದ ಈ ಪ್ರಸಂಗವನ್ನು ಭಾವ ಹೇಳಿದ ಮಾತೆಂದಷ್ಟೇ ಬರೆದಿದ್ದೇನೆ, ಸಾಬೀತಾದ ಸಂಗತಿಯೆಂದಲ್ಲ.

ಮನೆಯಲ್ಲಿ ಅವರು ಹಾಡುತ್ತಿರಲಿಲ್ಲ. ಗಂಟಲಿಗೆ ರಜೆ ಎನ್ನುತ್ತಿದ್ದರು. ಸ್ನಾನದ ಮನೆಯಿಂದಲೂ ಒಂದು ಗುನುಗು ಕೇಳಿದ್ದಿಲ್ಲ. “ಊರಿನ ಹುಡುಗೀರಿಗೆಲ್ಲ ಹಾಡಿದಾರೆ, ನನಗೆ ಮಾತ್ರ ಬೀಗ ಹಾಕಿಕೊಂಡು ಬರ್ತಾರೆ” ಎಂದು ಅಕ್ಕ ಬಂದವರೆದುರು ಹೇಳುತ್ತಿದ್ದಳು. ಭಾವ ಪತ್ರಿಕೆಯ ಹಿಂದಿನಿಂದ “ಬೀಗ ತೆಗೆದ್ರೆ ಒಳಗೆ ಏನೂ ಇಲ್ಲ ಕಣೇ” ಎನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದೆವು. ಅದು ಹಾಸ್ಯವಲ್ಲ, ಭಯ ಎಂಬುದು ನನಗೆ ತಿಳಿದದ್ದು ಅವರ ಎಪ್ಪತ್ತೆರಡನೆಯ ವಯಸ್ಸಿನಲ್ಲಿ.

ಅವರ ಹಳೆಯ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತಿದ್ದವರು ಈಗ ರಾಜರಾಜೇಶ್ವರಿನಗರದಲ್ಲಿದ್ದಾರೆ. ಮನೆಯ ಹಿಂಬದಿಯ ಸಾಮಾನು ಕೋಣೆಯನ್ನೇ ಸ್ಟುಡಿಯೊ ಮಾಡಿಕೊಂಡಿದ್ದಾರೆ. ತಾವೇ ಬರೆದು ರಾಗ ಹಾಕಿದ ಎಂಟು ಪ್ರೇಮಗೀತೆಗಳು ಅವರ ಬಳಿ ಬಹಳ ಕಾಲದಿಂದ ಇದ್ದವು. ಒಂದು ದಿನ ರಾಜಾಜಿನಗರದ ಮನೆಗೆ ಬಂದು, “ಅಣ್ಣ, ಎಂಟೂ ನಿಮಗೇ. ಒಂದು ಸಲ ನಿಮ್ಮ ಹೆಸರಲ್ಲಿ, ನಿಮ್ಮ ದನೀಲಿ ಆಲ್ಬಮ್ ಬರಲಿ” ಎಂದರು. ಭಾವ ಎದ್ದುಹೋಗಿ ಮುಖ ತೊಳೆದುಕೊಂಡು ಬಂದು, “ಯಾವತ್ತು ಬರಲಿ?” ಎಂದಷ್ಟೇ ಕೇಳಿದರು. ಮರುದಿನ ಹೊಸ ಪೆನ್ಸಿಲ್ ತಂದರು.

ಭಾವ ಮೆಟ್ರೊದ ಹಸಿರು ಮಾರ್ಗದಲ್ಲಿ ಬಂದು ಮೆಜೆಸ್ಟಿಕ್ಕಿನಲ್ಲಿ ಬದಲಿಸುತ್ತಿದ್ದರು. ನಾನು ಅತ್ತಿಗುಪ್ಪೆಯಲ್ಲಿ ಹತ್ತುತ್ತಿದ್ದೆ. ಎರಡನೇ ಬೋಗಿಯ ಬಾಗಿಲ ಬಳಿ ಆ ಏರಿದ ಭುಜ ದೂರದಿಂದಲೇ ಕಾಣುತ್ತಿತ್ತು.

ಹಾಡುವ ಕೋಣೆಯನ್ನು ಒಮ್ಮೆ ನೋಡಬೇಕು. ಆರಡಿ ಉದ್ದ, ನಾಲ್ಕಡಿ ಅಗಲ. ಗೋಡೆಗೆಲ್ಲ ಹಾಸಿಗೆಯಂಥ ಸ್ಪಂಜು. ಸದ್ದಾಗುತ್ತದೆಂದು ಫ್ಯಾನ್ ಇಲ್ಲ, ಕಿಟಕಿಯಿಲ್ಲ. ದಪ್ಪ ಬಾಗಿಲು ಹಾಕಿಕೊಂಡರೆ ಹೊರಗಿನ ಲೋಕಕ್ಕೂ ಅವರಿಗೂ ನಡುವೆ ಒಂದು ಗಾಜಿನ ಕಿಂಡಿ ಮಾತ್ರ. ಆ ಕಿಂಡಿಯೀಚೆ ಕೀಬೋರ್ಡಿನವರೂ ನಾನೂ ಕುಳಿತೆವು. ಭಾವ ಒಳಗೆ ಹೋಗಿ, ಎಂಟು ಹಾಳೆಗಳ ಮೇಲೂ ‘ಗಾಯಕರು’ ಎಂದು ಬರೆದು, ಎರಡು ಚುಕ್ಕಿ ಇಟ್ಟು, ಗೆರೆ ಎಳೆದು, ಹಾಡತೊಡಗಿದರು.

ಊಟದ ಹೊತ್ತಿಗೆ ಎಂಟೂ ಮುಗಿದಿದ್ದವು. ಒಂದೊಂದಕ್ಕೆ ಒಂದೇ ಟೇಕ್. ನಿರೂಪಕರ ಮಾತಿನಲ್ಲಿ ಒಂದು ಕಾಳು ನಿಜವಿದ್ದರೆ ಅದು ಇಷ್ಟೇ, ಮತ್ತು ಅದನ್ನು ಮುಚ್ಚಿಡಲು ನನಗೆ ಇಷ್ಟವಿಲ್ಲ. ಒಂದು ಸ್ವರ ಆಚೆ ಈಚೆ ಇಲ್ಲ. ಒಂದು ಅಕ್ಷರ ಜಾರಿಲ್ಲ. ಭಾವ ಬೆವರೊರೆಸುತ್ತ ಹೊರಬಂದು, ನೀರು ಕುಡಿದು, ಲೋಟ ಕೆಳಗಿಟ್ಟು ಸಹಜವಾಗಿ ಕೇಳಿದರು:

“ಫೈನಲ್ ಯಾರು ಹಾಡ್ತಾರೆ?”

ಕೀಬೋರ್ಡಿನವರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

“ಅಣ್ಣ, ನೀವೇ ಅಲ್ವಾ?”

ಭಾವ ಕೆಳಗಿಟ್ಟ ಲೋಟವನ್ನು ಮತ್ತೆ ಎತ್ತಿಕೊಂಡರು. “ಓ, ಹೌದಲ್ಲ” ಎಂದರು. ಆಮೇಲೆ, “ಹಾಗಾದ್ರೆ ಇದು ಟ್ರ್ಯಾಕ್ ಆಯ್ತು” ಎಂದರು.

ಎಂಟು ಹಾಡನ್ನೂ ಹಾಕಿ ಕೇಳಿದೆವು. ಅಂಗಡಿಯ ಚೀಟಿ ಓದಿದಂತಿತ್ತು. ಪ್ರೇಮದ ಮಾತುಗಳೆಲ್ಲ ಸರಿಯಾದ ಜಾಗದಲ್ಲಿದ್ದವು, ಪ್ರೇಮಿಸುವವರು ಮಾತ್ರ ಇನ್ನೂ ಬಂದಿರಲಿಲ್ಲ.

ಮರುದಿನದಿಂದ ಟೇಕ್‌ಗಳು. ಮೊದಲು ಹಿಡಿದದ್ದು ಮೂರನೇ ಹಾಡು, ‘ಕೊಡೆಯ ಮರೆತು ಹೋದೆಯಲ್ಲ, ಮಳೆಯು ಬಂದರೇನು ಗತಿ’ ಎಂದು ಶುರುವಾಗುವುದು. ಹೊರಗೆ ಹೋದ ಹೆಂಡತಿಗಾಗಿ ಬಾಗಿಲಲ್ಲಿ ಕಾಯುವವನ ಹಾಡು. ‘ತೀರಿಹೋದ ಮಡದಿ’ ಹುಟ್ಟಿಕೊಂಡದ್ದು ಈ ಸಾಲಿನಿಂದಲೇ ಎಂದು ನನ್ನ ಊಹೆ. ಕೊಡೆ ಮರೆತು ಹೋದವಳು ಸಂಜೆಗೆ ಬರುತ್ತಾಳೆ ಎಂದು ಯಾರಿಗೂ ಹೊಳೆಯಲಿಲ್ಲ.

“ಸ್ವಲ್ಪ ಫೀಲ್ ಬರಲಿ ಅಣ್ಣ” ಎಂದರು ಕೀಬೋರ್ಡಿನವರು. ಭಾವ ಫೀಲ್ ತಂದರು. ಬಂದದ್ದು ಆ ಕೆಮ್ಮಿನ ಹಾಡಿನ ಖ್ಯಾತರ ದನಿ, ಇದ್ದಕ್ಕಿದ್ದಂತೆ, ಅವರೇ ಒಳಗೆ ನಿಂತಂತೆ. “ಇದು ಅವರಾಯ್ತಲ್ಲ ಅಣ್ಣ.” ಭಾವ ತಲೆಯಾಡಿಸಿ ಮತ್ತೆ ಶುರು ಮಾಡಿದರು. ಇನ್ನೊಬ್ಬ ಗಾಯಕರ ದನಿ ಬಂತು. ಅದನ್ನು ತೆಗೆದರೆ ಮೂರನೆಯವರದು. ಎಲ್ಲವನ್ನೂ ತೆಗೆದರೆ ಉಳಿಯುತ್ತಿದ್ದದ್ದು ಮತ್ತೆ ಆ ಖಾಲಿ ಟ್ರ್ಯಾಕ್. ಗಾಜಿನಾಚೆ ಅವರ ಬಾಯಿ ತೆರೆಯುವುದು, ಮುಚ್ಚುವುದು, ಅಂಗಿ ಬೆನ್ನಿಗಂಟುವುದು ಕಾಣುತ್ತಿತ್ತು. ಅವರು ಹೊರಬಂದಾಗಲೆಲ್ಲ ಕೀಬೋರ್ಡಿನವರು ಹಾಳೆಯ ಮೂಲೆಯಲ್ಲಿ ಕೆಂಪು ಪೆನ್ನಿನಿಂದ ಟೇಕಿನ ಸಂಖ್ಯೆ ಬರೆದು, ಹೊಡೆದುಹಾಕಿ, ಮುಂದಿನದನ್ನು ಬರೆಯುತ್ತಿದ್ದರು. ದಿನಕ್ಕೆ ಮೂರು ನಾಲ್ಕಕ್ಕಿಂತ ಹೆಚ್ಚು ಆ ಬಿಸಿಯಲ್ಲಿ ಆಗುತ್ತಿರಲಿಲ್ಲ.

ಹತ್ತನೆಯದೋ ಹನ್ನೊಂದನೆಯದೋ ದಿನ ಹಿಂದಿರುಗುವಾಗ, ಮೆಟ್ರೊದಲ್ಲಿ ಭಾವ ತಾವಾಗಿಯೇ ಮಾತೆತ್ತಿದರು. “ಖಾಲಿ ಹಾಡಿದ್ರೆ ಟ್ರ್ಯಾಕು. ತುಂಬಿದ್ರೆ ಅವರು ಯಾರಾದ್ರೂ ಬಂದುಬಿಡ್ತಾರೆ. ಎಡಕ್ಕೆ ತಿರುಗಿದ್ರೂ ಗೋಡೆ, ಬಲಕ್ಕೆ ತಿರುಗಿದ್ರೂ ಗೋಡೆ. ನನ್ನದು ಯಾವುದೋ, ನನಗೇ ಸಿಗ್ತಿಲ್ಲ.”

“ನೀವು ಮಾತಾಡೋ ದನಿ ನಿಮ್ಮದೇ ಅಲ್ವಾ ಭಾವ?” ಎಂದೆ.

“ಮಾತಿಗೆ ಶ್ರುತಿ ಬೇಕಿಲ್ಲ ಕಣೋ. ಶ್ರುತಿಗೆ ಬಾಯಿ ಇಟ್ಟ ತಕ್ಷಣ ಕೆಲಸ ನೆನಪಾಗುತ್ತೆ.”

ಹನ್ನೆರಡನೆಯ ದಿನ ಅವರು ಒಳಗೆ ಹೋಗಲೇ ಇಲ್ಲ. ಚಪ್ಪಲಿ ಬಿಟ್ಟು, ಕುರ್ಚಿಯ ಮೇಲೆ ಕುಳಿತು, ಕೀಬೋರ್ಡಿನವರಿಗೆ ಶಾಂತವಾಗಿ ಹೇಳಿದರು: “ಟ್ರ್ಯಾಕ್ ರೆಡಿ ಇದೆ. ಒಳ್ಳೆ ದನಿ ಇರೋ ಹುಡುಗ ಯಾರಾದ್ರೂ ಇದ್ರೆ ಕರೆಸಿಬಿಡಿ. ರಾಗ ಚೆನ್ನಾಗಿದೆ, ಹಾಳಾಗಬಾರದು.”

ಕೀಬೋರ್ಡಿನವರು ಒಪ್ಪಲಿಲ್ಲ. ಭಾವ ಬಿಡಲಿಲ್ಲ. ಕೊನೆಗೆ ಯಾವನೋ ಹೊಸ ಗಾಯಕನಿಗೆ ಸೋಮವಾರ ಬಾ ಎಂದು ಹೇಳಿದ್ದಾಯಿತು. ಹಿಂದಿರುಗುವಾಗ ಭಾವನ ಮುಖದಲ್ಲಿ ನೆಮ್ಮದಿಯಿತ್ತು. ಅದನ್ನು ನೋಡಲು ನನ್ನಿಂದಾಗಲಿಲ್ಲ. ತಮ್ಮ ಹೆಸರಿನಲ್ಲಿ ಬರಬೇಕಿದ್ದ ಏಕೈಕ ಆಲ್ಬಮ್ಮನ್ನೂ ಅವರು ಅಭ್ಯಾಸಬಲದಿಂದ ಇನ್ನೊಬ್ಬರಿಗೆ ಗೆರೆ ಎಳೆದು ಕೊಟ್ಟಿದ್ದರು.

ಅತ್ತಿಗುಪ್ಪೆಯಲ್ಲಿ ಇಳಿಯದೆ ಅವರ ಜೊತೆಯೇ ರಾಜಾಜಿನಗರಕ್ಕೆ ಹೋದೆ. ಭಾವ ಮಲಗಿದರು. ಅಕ್ಕ ಅಡುಗೆಮನೆಯಲ್ಲಿ ಮೊರದ ತುಂಬ ಅವರೆಕಾಯಿ ಸುಲಿಯುತ್ತಿದ್ದಳು. ಎಲ್ಲವನ್ನೂ ಹೇಳಿದೆ. ಅವಳು ಸುಲಿಯುವುದನ್ನು ನಿಲ್ಲಿಸಲಿಲ್ಲ.

“ಅಂದ್ರೆ ಇವರು ಯಾರೋ ಕಲೀಲಿ ಅಂತ ಹಾಡ್ತಿದಾರೆ” ಎಂದಳು.

“ಅಷ್ಟೇ ಗೊತ್ತಿರೋದು ಅವರಿಗೆ.”

“ನಾಳೆ ಕೆಂಗೇರೀಲಿ ಗೃಹಪ್ರವೇಶ ಇದೆ. ಆ ಕಡೆಗೇ ಅಲ್ವಾ? ನಾನೂ ಬರ್ತೀನಿ. ಅದೇನು ಗೂಡು ಅಂತ ನೋಡೋಣ.”

ಮರುದಿನ ಗೃಹಪ್ರವೇಶದ ರೇಷ್ಮೆ ಸೀರೆಯಲ್ಲಿ, ಎರಡೂ ಕೈಗೆ ಹಸಿರು ಗಾಜಿನ ಬಳೆ ತೊಟ್ಟು ಅಕ್ಕ ಸ್ಟುಡಿಯೊಗೆ ಬಂದಳು. ನಲವತ್ತು ವರ್ಷಗಳಲ್ಲಿ ಗಂಡ ಕೆಲಸ ಮಾಡುವ ಜಾಗಕ್ಕೆ ಅವಳು ಕಾಲಿಟ್ಟದ್ದು ಅದೇ ಮೊದಲು. ಸೋಮವಾರ ಬರುವವನಿಗೆ ಸುಲಭವಾಗಲೆಂದು ಭಾವ ಮೂರನೇ ಹಾಡಿನ ಟ್ರ್ಯಾಕನ್ನು ಇನ್ನೊಮ್ಮೆ ಕೊಡುತ್ತಿದ್ದರು. ಅಕ್ಕ ಈಚೆ ಕುಳಿತು ಪೂರ್ತಿ ಕೇಳಿ, ಕೀಬೋರ್ಡಿನವರನ್ನು ಕೇಳಿದಳು:

“ಇವರು ಮನೇಲಿ ಸೊಪ್ಪಿನವಳ ಹತ್ರ ಚೌಕಾಸಿ ಮಾಡೋದೇ ಇದಕ್ಕಿಂತ ಚೆನ್ನಾಗಿರುತ್ತೆ. ಇದು ಯಾರಿಗೆ ಹಾಡ್ತಿರೋದು?”

“ಬರೋ ಸಿಂಗರ್‌ಗೆ ಅತ್ತಿಗೆ. ಕೇಳಿ ಕಲಿಯೋಕೆ.”

“ಹಂಗಿದ್ರೆ ನಾನೇ ಕಲೀತೀನಿ” ಎಂದು ಎದ್ದಳು.

“ಅತ್ತಿಗೆ, ಒಳಗೆ ಬಳೆ ಸದ್ದಾಗುತ್ತೆ. ತೆಗೆದಿಟ್ಟು ಹೋಗಿ.”

“ಗಾಜಿನ ಬಳೆ ತೆಗೆಯೋದಾ? ಇವರು ಇನ್ನೂ ಇದಾರಲ್ಲಪ್ಪ” ಎಂದು, ಪ್ಲಾಸ್ಟಿಕ್ ಸ್ಟೂಲು ಹಿಡಿದುಕೊಂಡು ಒಳಗೆ ಹೋಗಿ ಬಾಗಿಲೆಳೆದುಕೊಂಡಳು. ಮೈಕಿನಿಂದ ಅವರ ಮಾತು ನಮಗೆ ಸ್ಪಷ್ಟವಾಗಿ ಕೇಳುತ್ತಿತ್ತು.

“ನೀನ್ಯಾಕೆ ಬಂದೆ?”

“ಕಲಿಯೋಕೆ. ಹೇಳಿಕೊಡಿ.”

“ನಿನಗೆ ಬರಲ್ಲ ಕಣೇ.”

“ಬರಲ್ಲ ಅಂತಾನೇ ಕಲಿಯೋದು.”

ಭಾವ ಮೊದಲ ಸಾಲು ಹೇಳಿಕೊಟ್ಟರು. ಅಕ್ಕ ಅದನ್ನು ಹೇಳಿದಳು. ಹೇಗೆ ಬಣ್ಣಿಸಲಿ? ಶುರುವೇ ಮುಂಚೆ, ನಡುವೆ ಶ್ರುತಿ ನೆಲಕ್ಕೆ, ಕೊನೆಯ ಅಕ್ಷರವನ್ನು ತಾಳ ಮುಗಿದ ಮೇಲೂ ಎಳೆದಳು. ಕೀಬೋರ್ಡಿನವರು ಕೈಯಿಂದ ಬಾಯಿ ಮುಚ್ಚಿಕೊಂಡರು. ಭಾವ ತಿದ್ದಿದರು. ಅವಳು ಮತ್ತೆ ಅದೇ ತಪ್ಪು ಮಾಡಿದಳು, ಜೊತೆಗೆ ಹೊಸದೊಂದನ್ನು ಸೇರಿಸಿದಳು. “ತಾಳ ನೋಡೇ” ಎಂದರು ಭಾವ. ಅವಳು ತೊಡೆಯ ಮೇಲೆ ತನ್ನದೇ ಯಾವುದೋ ತಾಳ ಹಾಕತೊಡಗಿದಳು, ಬಳೆಗಳು ಝಣಗುಟ್ಟಿದವು. ಮೂರನೆಯ ಸಲ, ನಾಲ್ಕನೆಯ ಸಲ. ಐದನೆಯ ಸಲಕ್ಕೆ ಭಾವನಿಗೆ ರೇಗಿತು.

“ಹಾಗಲ್ಲ ಕಣೇ. ಇಲ್ಲಿ ನೋಡು, ನನ್ನ ನೋಡು” ಎಂದು ಹೆಡ್‌ಫೋನನ್ನು ಕಿತ್ತು ಸ್ಟ್ಯಾಂಡಿಗೆ ಸಿಕ್ಕಿಸಿದರು.

ಆಗ ನಾನು ಕಂಡದ್ದನ್ನು ಬರೆಯುತ್ತಿದ್ದೇನೆ. ಅವರ ಎಡ ಭುಜ ಇಳಿಯಿತು. ಎರಡೂ ಭುಜಗಳು ಸಮಕ್ಕೆ ಬಂದವು. ಆ ಮನುಷ್ಯನನ್ನು ಅಷ್ಟು ನೆಟ್ಟಗೆ ನಾನು ಅದುವರೆಗೆ ಕಂಡಿರಲಿಲ್ಲ.

ವಾದ್ಯ ಕೇಳುವಂತಿಲ್ಲ, ತಾಳದ ಸೂಚನೆಯಿಲ್ಲ. ಎದುರಿಗೆ ಹಟಮಾರಿ ಹೆಂಡತಿ. ಅವಳಿಗೆ ಅರ್ಥ ಮಾಡಿಸಿಯೇ ತೀರುತ್ತೇನೆಂಬ ಸಿಟ್ಟಿನಲ್ಲಿ ಹಾಡತೊಡಗಿದರು. ಕಣ್ಣು ತೆರೆದೇ ಇತ್ತು. ಕಣ್ಣೀರು ಇರಲಿಲ್ಲ. ಮೊದಲ ಎರಡು ಸಾಲು ಗದರಿದ ಹಾಗೆಯೇ ಇವೆ. ಆಮೇಲೆ ಎಲ್ಲೋ ಗದರುವುದು ಸಡಿಲಾಯಿತು. ಆ ದನಿ ನನಗೆ ಗೊತ್ತಿದ್ದ ದನಿ. ‘ಗ್ಯಾಸ್ ಆಫ್ ಮಾಡಿದೆಯಾ’ ಎಂದು ಹೊರಡುವಾಗ ಕೇಳುವ, ಬಸ್ಸು ತಡವಾದರೆ ‘ಬಂದೆಯಾ’ ಎನ್ನುವ, ಸ್ವಲ್ಪ ಮೂಗಿನ, ಸ್ವಲ್ಪ ಒಡೆದ ದನಿ. ಅಷ್ಟು ವರ್ಷ ಅವರ ಮನೆಯ ಊಟದ ಪಂಕ್ತಿಯಲ್ಲಿ ಕೇಳಿದ್ದೆ. ಶ್ರುತಿಯಲ್ಲಿ ಕೇಳಿದ್ದು ಅಂದು. ಅಕ್ಕನ ತಪ್ಪು ತಾಳ ಎರಡನೇ ಚರಣದವರೆಗೆ ನಡೆದು, ತಾನಾಗಿಯೇ ನಿಂತಿತು. ನನ್ನ ಪಕ್ಕದಲ್ಲಿ ಕೀಬೋರ್ಡಿನವರು ಬೆರಳನ್ನೂ ಅಲುಗಿಸದೆ ಕುಳಿತಿದ್ದರು. ರೆಕಾರ್ಡಿಂಗಿನ ಕೆಂಪು ದೀಪ ಉರಿಯುತ್ತಿತ್ತು.

ಹಾಡು ಮುಗಿಯಿತು. ಆಮೇಲೆ ಅಕ್ಕ ಹೇಳಿದಳು: “ಕೊಡೆ ಮರೆಯೋರು ನೀವು. ನಾನಲ್ಲ.”

“ಹೌದು” ಎಂದರು ಭಾವ.

ಹೊರಗೆ ಬಂದಾಗ ಕೀಬೋರ್ಡಿನವರು ಮೂರನೇ ಹಾಡಿನ ಹಾಳೆಯ ಮೂಲೆಯಲ್ಲಿ ಮೂವತ್ತೇಳು ಎಂದು ಬರೆದು, ಅದನ್ನು ಹೊಡೆದುಹಾಕದೆ, ಸುತ್ತ ಒಂದು ವೃತ್ತ ಎಳೆದರು. “ಅಣ್ಣ, ಇಲ್ಲಿ ಹೆಸರು ಬರೀರಿ” ಎಂದು ಆ ಖಾಲಿ ಗೆರೆ ತೋರಿಸಿದರು. “ಬಿಡಿ, ಆಮೇಲೆ ನೋಡೋಣ” ಎಂದು ಭಾವ ನೀರಿನ ಲೋಟ ಹುಡುಕುತ್ತ ಹೋದರು. ಅಕ್ಕ ಪೆನ್ನು ತೆಗೆದುಕೊಂಡಳು. ಗಂಡನ ಹೆಸರನ್ನು ಬಾಯಲ್ಲಿ ಆಡಿದವಳಲ್ಲ, ಕೈಯಲ್ಲಿ ಬರೆದವಳೂ ಅಲ್ಲ. ಮತದಾರರ ಪಟ್ಟಿಯವರು ಬಂದಾಗ ನನ್ನನ್ನು ಮುಂದೆ ತಳ್ಳಿದವಳು. ಒಂದು ಕ್ಷಣ ಯೋಚಿಸಿ, ‘ಗಾಯಕರು’ ಎಂಬುದರ ಮುಂದೆ ‘ನಮ್ಮನೆಯವರು’ ಎಂದು ಬರೆದಳು.

ಭಾವ ಕನ್ನಡಕ ಹಾಕಿಕೊಂಡು ಓದಿದರು. “ಇದೇನೇ, ರೇಷನ್ ಕಾರ್ಡಾ?”

“ಇನ್ನೇನು ಬರೀಲಿ? ನನಗೆ ಗೊತ್ತಿರೋದು ಅದೇ.”

ಆ ಹಾಡಿಗೆ ವಾದ್ಯಗಳನ್ನು ಕೀಬೋರ್ಡಿನವರು ಆಮೇಲೆ ಹೊಸದಾಗಿ ನುಡಿಸಬೇಕಾಯಿತು. ಭಾವ ತಾಳ ಬಿಟ್ಟು ಹಾಡಿದ್ದರಿಂದ, ಅವರು ನಿಂತಲ್ಲಿ ನಿಂತು, ಓಡಿದಲ್ಲಿ ಓಡಿ, ವಾದ್ಯವೇ ಅವರ ಹಿಂದೆ ಬಂದಿದೆ. ಅದೇ ಮೊದಲು, ಅದೇ ಕೊನೆ. ಪಾದದಿಂದ ತಾಳ ಹಾಕುತ್ತ ಕೇಳಿದರೆ ಯಾರಿಗಾದರೂ ತಿಳಿಯುತ್ತದೆ. ಮೊದಲ ಚರಣದಲ್ಲಿ ಸಣ್ಣಗೆ ಕೇಳುವ ಬಳೆಯ ಸದ್ದನ್ನು ‘ಅಗಲಿದವಳ ಗೆಜ್ಜೆಯ ಎಫೆಕ್ಟ್’ ಎಂದು ಒಬ್ಬರು ಹೊಗಳಿದ್ದಾರೆ. ಅದು ಎಫೆಕ್ಟಲ್ಲ, ಗೆಜ್ಜೆಯೂ ಅಲ್ಲ.

ಕಥೆ ಕಟ್ಟುವವರು ಇಲ್ಲಿಗೆ ನಿಲ್ಲಿಸುತ್ತಾರೆ, ಭಾವ ಬಿಡುಗಡೆಯಾದರು ಎನ್ನುತ್ತಾರೆ. ಆಗಲಿಲ್ಲ. ಮರುದಿನ ಅಕ್ಕ ಮತ್ತೆ ಬಂದಳು, ಮತ್ತೆ ಸ್ಟೂಲಿನ ಮೇಲೆ ಕುಳಿತು ತಪ್ಪು ಹಾಡಿದಳು. ಆದರೆ ಭಾವನಿಗೆ ಈಗ ಅವಳ ಉಪಾಯ ಗೊತ್ತಾಗಿತ್ತು. ಸಿಟ್ಟು ಬರಲಿಲ್ಲ. ಹೆಡ್‌ಫೋನ್ ತೆಗೆದರೂ ಭುಜ ಮೇಲೇ ಇತ್ತು. ಮೂರು ದಿನ ಪ್ರಯತ್ನಿಸಿದರು. ಏಳು ಹಾಡುಗಳು ಅಲ್ಲಾಡಲಿಲ್ಲ. ಮೂರನೆಯ ದಿನ ಅಕ್ಕನೇ, “ಸಾಕು ಬನ್ನಿ, ಆ ಗೂಡಲ್ಲಿ ಬೇಯೋದು ಬೇಡ” ಎಂದು ಕೈಹಿಡಿದು ಕರೆತಂದಳು.

ಭಾನುವಾರ ಬೆಳಿಗ್ಗೆ ಭಾವ ನನ್ನೆದುರೇ ಕೀಬೋರ್ಡಿನವರಿಗೆ ಫೋನ್ ಮಾಡಿದರು. “ನಾಳೆ ಬರೋ ಹುಡುಗನಿಗೆ ಬೇಡ ಅಂತ ಹೇಳಿಬಿಡಿ. ಆ ಏಳೂ ಮೊದಲನೇ ದಿನ ಕೊಟ್ಟಿದ್ದೇ ಇರಲಿ.”

ಆ ಕಡೆಯಿಂದ ಏನೋ ಕೇಳಿದರು.

“ಟ್ರ್ಯಾಕೇ, ಗೊತ್ತು. ಆದ್ರೂ ಇರಲಿ.” ಫೋನ್ ಇಡುವ ಮೊದಲು ಹೇಳಿದರು: “ಅಳಿಸಬೇಡಿ.”

ತಮ್ಮ ಇಡೀ ವೃತ್ತಿಜೀವನದಲ್ಲಿ ಅವರು ಆ ಮಾತು ಹೇಳಿದ್ದು, ನನಗೆ ತಿಳಿದ ಮಟ್ಟಿಗೆ, ಅದೊಂದೇ ಸಲ.

ಆಲ್ಬಮ್ ಹೊರಬಂದ ನಾಲ್ಕು ತಿಂಗಳಿಗೆ, ಒಂದು ಬೆಳಿಗ್ಗೆ, ಪತ್ರಿಕೆ ಓದುತ್ತ ಕುರ್ಚಿಯಲ್ಲೇ ಭಾವ ತೀರಿಕೊಂಡರು. ಮಲಗಿಸಿದಾಗ ಎಡ ಭುಜ ಮೇಲೆಯೇ ಇತ್ತು. ಅಕ್ಕ ಅದನ್ನು ಅಂಗೈಯಿಂದ ಒತ್ತಿ ನೋಡಿದಳು, ಇಳಿಯಲಿಲ್ಲ. ಆಮೇಲೆ ಗಾಜಿನ ಬಳೆಗಳನ್ನು ಯಾರೂ ಹೇಳುವ ಮೊದಲೇ ತಾನೇ ತೆಗೆದಿಟ್ಟಳು.

ಆಲ್ಬಮ್ಮಿನಲ್ಲಿ ಏಳು ಟ್ರ್ಯಾಕ್, ಒಂದು ಹಾಡು. ಎಂಟೂ ಅಮೋಘವೆನ್ನುವವರು ಏಳನ್ನು ಕೇಳಿಲ್ಲ ಎಂದೇ ನಾನು ತಿಳಿಯುತ್ತೇನೆ. ಕೇಳಬೇಕು. ಒಬ್ಬ ಮನುಷ್ಯ ಇನ್ನೊಬ್ಬರಿಗಾಗಿ ಎಷ್ಟು ಚೊಕ್ಕಟವಾಗಿ ಜಾಗ ಬಿಡಬಲ್ಲ ಎಂಬುದು ಅವುಗಳಲ್ಲಿದೆ.

ನನ್ನ ಮಾತನ್ನೂ ಸುಮ್ಮನೆ ಒಪ್ಪಬೇಕಿಲ್ಲ. ಆ ಎಂಟು ಹಾಳೆಗಳು ರಾಜರಾಜೇಶ್ವರಿನಗರದಲ್ಲಿ ಕೀಬೋರ್ಡಿನವರ ಬಳಿ ಒಂದು ನೀಲಿ ಫೈಲಿನಲ್ಲಿವೆ. ಕೇಳಿದವರಿಗೆ ತೋರಿಸುತ್ತಾರೆ. ಮೂರನೆಯದರ ಮೂಲೆಯಲ್ಲಿ ವೃತ್ತದೊಳಗೆ ಮೂವತ್ತೇಳು ಇದೆ, ಗೆರೆಯ ಮೇಲೆ ಅಕ್ಕನ ಅಕ್ಷರವಿದೆ. ಕಣ್ಣೀರಿಗೆ ಒದ್ದೆಯಾಗಿ ಹಾಳೆ ಎಲ್ಲಿಯೂ ಸುಕ್ಕಾಗಿಲ್ಲ. ಅಕ್ಕನೂ ರಾಜಾಜಿನಗರದ ಮನೆಯಲ್ಲಿ ಗಟ್ಟಿಯಾಗಿಯೇ ಇದ್ದಾಳೆ. ಅಂದು ಬೇಕೆಂದೇ ತಪ್ಪು ಹಾಡಿದೆಯಾ ಎಂದು ಮಾತ್ರ ಅವಳನ್ನು ಕೇಳಿ ಪ್ರಯೋಜನವಿಲ್ಲ. ನಾನು ಕೇಳಿದ್ದೇನೆ. “ನನಗೆಲ್ಲಿ ಹಾಡೋಕೆ ಬರುತ್ತೆ” ಎಂದು ಮೊರ ಎತ್ತಿಕೊಂಡು ಒಳಗೆ ಹೋಗುತ್ತಾಳೆ.

ಶ್ರದ್ಧಾಂಜಲಿ ಸಭೆಯ ಮರುದಿನ ಅವಳನ್ನು ರಾಜರಾಜೇಶ್ವರಿನಗರಕ್ಕೆ ಕರೆದೊಯ್ದು, ಆ ಫೈಲಿನ ಮುಂದೆ ಕೂರಿಸಿ ಪೆನ್ನು ಕೊಟ್ಟೆ. ಉಳಿದ ಏಳರಲ್ಲೂ ಬರೆದುಬಿಡು, ಇನ್ನು ಯಾರೂ ಏನೇನೋ ಹೇಳುವುದು ಬೇಡ ಎಂದೆ. ಒಂದೊಂದೇ ಹಾಳೆ ತಿರುವಿ, ಆ ದುಂಡಗಿನ ‘ಗಾಯಕರು’ ಮತ್ತು ಮುಂದಿನ ಖಾಲಿ ಗೆರೆಯನ್ನು ನೋಡಿದಳು. ಬಳೆಯಿಲ್ಲದ ಕೈಯಿಂದ ಪೆನ್ನಿನ ಮುಚ್ಚಳ ಹಾಕಿದಳು.

“ಬೇಡ ಕಣೋ. ಬರೋರಿಗೆ ಅಂತ ಬಿಟ್ಟಿದಾರೆ, ಇರಲಿ.”

ಏಳೂ ಗೆರೆಗಳು ಹಾಗೆಯೇ ಖಾಲಿ ಇವೆ. ಹೋಗಿ ನೋಡಬಹುದು.